ಮೂಲೆ ಕಾಯುವ ಹುಡುಗನ ಮುಂದಿನ ದಾರಿ

ಕಬಡ್ಡಿ ಅಂಕಣದ ಮೂಲೆಯಲ್ಲಿ ನಿಂತು ಕಾಲು ಹಿಡಿಯುವ ಹುಡುಗರಿಗೂ ಈಗ ಲಕ್ಷದ, ಕೋಟಿಯ ಬೆಲೆ ಬಂದಿದೆ. ಹಾಗೆಂದು ಶಾಲೆ ಬಿಟ್ಟು ಅಂಕಣಕ್ಕೆ ಇಳಿಯಬಹುದೇ? ಒಪ್ಪಂದದ ಕಾಗದ ಕೈಗೆ ಬಂದಾಗ ಅಪ್ಪ-ಅವ್ವ ಏನನ್ನು ನೋಡಬೇಕು?

ಶಾಲೆಯ ಕೊನೆಯ ಗಂಟೆ ಬಾರಿಸಿ ಅರ್ಧ ತಾಸು ಕಳೆದಿರುತ್ತದೆ. ಬಯಲಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದಾಗಿದೆ. ಒಂದು ಬದಿಗೆ ಚಪ್ಪಲಿಗಳ ರಾಶಿ, ಅದರ ಮೇಲೆ ಪುಸ್ತಕದ ಚೀಲಗಳು. ಏಳು ಹುಡುಗರು ಕೈ ಕೈ ಹಿಡಿದು ಅರ್ಧಚಂದ್ರಾಕಾರದಲ್ಲಿ ನಿಂತಿದ್ದಾರೆ. ಎದುರಿನಿಂದ ಒಬ್ಬ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಳನುಗ್ಗುತ್ತಾನೆ. ಕಲ್ಲೇಶ್ವರ ಗುಡಿಯ ಕೆತ್ತನೆ ನೋಡಲು ದೂರದೂರದವರು ಬರುವ ಹಿರೇಹಡಗಲಿಯೇ ಆಗಲಿ, ಹೂವಿನಹಡಗಲಿ ತಾಲ್ಲೂಕಿನ ಇನ್ನಾವುದೇ ಊರಾಗಲಿ, ಸಂಜೆಯ ಹೊತ್ತು ಕಾಣುವ ನೋಟ ಇದೇ.

ನೋಡುವವರ ಕಣ್ಣೆಲ್ಲ ದಾಳಿಗೆ ಬಂದವನ ಮೇಲೆ. ಸಿಳ್ಳೆ ಬೀಳುವುದೂ ಅವನಿಗೇ. ಆದರೆ ಸಾಲಿನ ತುದಿಯಲ್ಲಿ ತುಸು ಬಗ್ಗಿ, ಮಾತಿಲ್ಲದೆ, ಎದುರಾಳಿಯ ಪಾದವನ್ನೇ ನೋಡುತ್ತ ನಿಂತವನೊಬ್ಬನಿದ್ದಾನಲ್ಲ, ಅವನನ್ನು ಗಮನಿಸಿ. ಅವನೇ ಕಾರ್ನರ್, ನಮ್ಮ ಮಾತಿನಲ್ಲಿ ಹೇಳುವುದಾದರೆ ಮೂಲೆ ಕಾಯುವವನು. ದಾಳಿಗಾರ ತಿರುಗುವ ಒಂದು ಗಳಿಗೆಯಲ್ಲಿ ಅವನು ನೆಲಕ್ಕೆ ಬಿದ್ದು ಹಿಮ್ಮಡಿಯ ಮೇಲೆ ಕೈ ಹಾಕಿದನೆಂದರೆ ಆಟವೇ ತಿರುಗಿತು.

ಇಂಥ ಹುಡುಗ ಊರಿಗೊಬ್ಬನಾದರೂ ಇರುತ್ತಾನೆ. “ನಮ್ಮ ಹುಡುಗ ಚೆಂದ ಆಡ್ತಾನ್ರೀ ಸರ್, ಆದ್ರ ಪುಸ್ತಕ ಮುಟ್ಟಾಂಗಿಲ್ಲ. ಬಿಡಿಸೋದೋ, ಆಡಾಕ ಬಿಡೋದೋ?” ಪಾಲಕರ ಸಭೆಗಳಲ್ಲಿ ಶಿಕ್ಷಕರ ಕಿವಿಗೆ ಬೀಳುವ ಹಳೆಯ ಪ್ರಶ್ನೆಯಿದು. ಹಿಂದೆ ಇದಕ್ಕೆ ಉತ್ತರ ಸುಲಭವಾಗಿತ್ತು. ಆಟ ಹೊಟ್ಟೆ ತುಂಬಿಸುವುದಿಲ್ಲ, ಓದು ಎಂದರೆ ಮುಗಿಯಿತು. ಈಗ ಹಾಗೆ ಹೇಳಲಾಗದು. ಓದಿಗಿಂತ ಆಟವೇ ಮೇಲು ಎನ್ನುವುದೂ ಅಷ್ಟೇ ತಪ್ಪು. ಲೆಕ್ಕ ಹಾಕಿ ನೋಡೋಣ.

ಒಂದೂಮುಕ್ಕಾಲು ಮೀಟರಿನ ರಾಜ್ಯ

ಗಂಡಸರ ಕಬಡ್ಡಿ ಅಂಕಣದ ಉದ್ದ 13 ಮೀಟರ್, ಅಗಲ 10 ಮೀಟರ್. ನಡುಗೆರೆಯಿಂದ ಒಂದು ತಂಡದ ಪಾಲಿಗೆ ಬರುವುದು ಆರೂವರೆ ಮೀಟರ್ ಉದ್ದ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್. ದಾಳಿಗಾರ ಯಾರನ್ನೂ ಮುಟ್ಟದಿದ್ದರೆ ಇದನ್ನಾದರೂ ದಾಟಿ ಮರಳಬೇಕು. ಅಲ್ಲಿಂದ ಒಂದು ಮೀಟರ್ ಒಳಗೆ ಬೋನಸ್ ಗೆರೆ. ಬೋನಸ್ ಗೆರೆಗೂ ಹಿಂದಿನ ಗಡಿಗೆರೆಗೂ ನಡುವೆ ಉಳಿಯುವುದು ಕೇವಲ 1.75 ಮೀಟರ್. ಕಾರ್ನರ್ ಆಟಗಾರನ ರಾಜ್ಯ ಹೆಚ್ಚಾಗಿ ಇಷ್ಟೇ. ಹಿಂದೆ ಸರಿದರೆ ಗೆರೆ ತುಳಿದು ಔಟ್. ಅವಸರದಿಂದ ಮುಂದೆ ಬಿದ್ದರೆ ದಾಳಿಗಾರನ ಕೈ ತಾಗಿ ಔಟ್.

ವಿಜ್ಞಾನದ ವಿದ್ಯಾರ್ಥಿಗಳು ಒಂದು ಚಿಕ್ಕ ಲೆಕ್ಕ ಮಾಡಬಹುದು. ಕಣ್ಣು ಕಂಡದ್ದು ಮಿದುಳಿಗೆ ತಲುಪಿ, ಅಲ್ಲಿಂದ ಅಪ್ಪಣೆ ಹೊರಟು ಕೈ ಕದಲಲು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ದಾಳಿಗಾರ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಚಲಿಸುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಅವನು ಒಂದು ಮೀಟರ್ ಸರಿದಿರುತ್ತಾನೆ! ಅಂದರೆ ಪಾದ ಕಂಡ ಮೇಲೆ ಕೈ ಹಾಕಿದರೆ ಸಿಗುವುದು ಬರೀ ಗಾಳಿ. ಪಾದ ಎಲ್ಲಿಗೆ ಬರಲಿದೆ ಎಂಬುದನ್ನು ಮೊದಲೇ ಊಹಿಸಬೇಕು.

ಊಹೆಗೆ ಆಧಾರವಾಗುವುದು ದಾಳಿಗಾರ ದಿಕ್ಕು ಬದಲಿಸುವ ಕ್ಷಣ. ಒಳಬಂದವನು ಹಿಂತಿರುಗಲೇಬೇಕಷ್ಟೆ? ತಿರುಗುವ ಆ ಗಳಿಗೆಯಲ್ಲಿ ಅವನ ಮುಂದಿನ ಚಲನೆ ನಿಂತು, ಹಿಂದಿನ ಚಲನೆ ಇನ್ನೂ ಆರಂಭವಾಗಿರುವುದಿಲ್ಲ. ದೇಹದ ಭಾರವೆಲ್ಲ ಒಂದೇ ಕಾಲಿನ ಮೇಲೆ. ಒಳ್ಳೆಯ ಕಾರ್ನರ್ ಹಿಡಿಯುವುದು ಆ ಕಾಲನ್ನೇ. ದೇಹದ ಗುರುತ್ವ ಕೇಂದ್ರ ಹೊಕ್ಕಳಿನ ಆಸುಪಾಸಿನಲ್ಲಿದೆ, ಹಿಮ್ಮಡಿ ಅದರಿಂದ ಹೆಚ್ಚುಕಡಿಮೆ ಒಂದು ಮೀಟರ್ ಕೆಳಗೆ. ಸನ್ನೆಗೋಲಿನ ತುದಿಯಲ್ಲಿ ಒತ್ತಿದಾಗ ಸಣ್ಣ ಬಲಕ್ಕೂ ದೊಡ್ಡ ಕಲ್ಲು ಏಳುವಂತೆ, ಇಲ್ಲಿ ಎಳೆದರೆ 60 ಕಿಲೋದ ಹುಡುಗನೂ 80 ಕಿಲೋದವನನ್ನು ಉರುಳಿಸಬಲ್ಲ. ಉಳಿದ ಕೆಲಸ ಪಕ್ಕದ ಕವರ್ ಆಟಗಾರನದು. ಅವನು ಓಡಿಬಂದು ಸೊಂಟ ಅಪ್ಪದಿದ್ದರೆ ಹಿಡಿದ ಕಾಲೂ ಜಾರಿಹೋಗುತ್ತದೆ. ಕಾರ್ನರ್ ಒಬ್ಬನೇ ವೀರನಲ್ಲ, ಸರಪಳಿಯ ಮೊದಲ ಕೊಂಡಿ.

ಇಷ್ಟೆಲ್ಲ ಹೇಳಲು ಕಾರಣವಿದೆ. ಈ ವಿದ್ಯೆ ತೋಳಿನ ಬಲದಿಂದ ಬರುವಂಥದ್ದಲ್ಲ. ನೂರಾರು ದಾಳಿಗಾರರ ಕಾಲುಗಳನ್ನು ನೋಡಿ ನೋಡಿ ಬರುತ್ತದೆ. ಹಾಗಾಗಿ ಕಾರ್ನರ್ ಆಟಗಾರ ಹಣ್ಣಾಗುವುದು ನಿಧಾನ, ಆದರೆ ಬಾಳಿಕೆ ಹೆಚ್ಚು. ಇರಾನಿನ ಫಜಲ್ ಅತ್ರಾಚಲಿ ಎಡ ಮೂಲೆಯ ಆಟಗಾರ. 1992ರಲ್ಲಿ ಹುಟ್ಟಿದವರು. 2015ರಲ್ಲಿ ಯು ಮುಂಬಾ ತಂಡದೊಂದಿಗೆ ಪ್ರೊ ಕಬಡ್ಡಿ ಲೀಗ್ ಗೆದ್ದರು. ಲೀಗ್‌ನಲ್ಲಿ 500 ಟ್ಯಾಕಲ್ ಅಂಕ ಮುಟ್ಟಿದ ಮೊದಲ ಆಟಗಾರ ಅವರೇ. ಹತ್ತು ವರ್ಷದ ನಂತರ, 2025ರಲ್ಲಿ, 33ನೇ ವಯಸ್ಸಿನಲ್ಲಿ ದಬಂಗ್ ಡೆಲ್ಲಿ ತಂಡದಲ್ಲಿದ್ದು ಮತ್ತೆ ಚಾಂಪಿಯನ್ ಆದರು. ಹದಿನೈದರ ಹುಡುಗನ ವಿಷಯದಲ್ಲಿ “ಈಗಲೇ ಆಗಬೇಕು, ಇಲ್ಲವಾದರೆ ಅವಕಾಶ ತಪ್ಪಿತು” ಎಂದು ಚಡಪಡಿಸುವ ಪಾಲಕರು ಈ ಲೆಕ್ಕವನ್ನು ನೆನಪಿಡಬೇಕು.

ದಹಿಯಾ ನಡೆದ ದಾರಿ

ಯುವ ಕಾರ್ನರ್ ಒಬ್ಬ ಹೇಗೆ ಬೆಳೆಯುತ್ತಾನೆ ಎಂಬುದಕ್ಕೆ ಇತ್ತೀಚಿನ ಒಳ್ಳೆಯ ಉದಾಹರಣೆ ನಮ್ಮ ಬೆಂಗಳೂರು ಬುಲ್ಸ್ ತಂಡದಲ್ಲೇ ಕಾಣಸಿಕ್ಕಿತು. ಹೆಸರು ಯೋಗೇಶ್ ಬಿಜೇಂದರ್ ದಹಿಯಾ. ಬಲ ಮೂಲೆಯ ಆಟಗಾರ. 2023ರ ಡಿಸೆಂಬರಿನಲ್ಲಿ ಆರಂಭವಾದ ಹತ್ತನೇ ಆವೃತ್ತಿಯಲ್ಲಿ ದಬಂಗ್ ಡೆಲ್ಲಿ ತಂಡ ಅವರನ್ನು ‘ನ್ಯೂ ಯಂಗ್ ಪ್ಲೇಯರ್’ ಎಂಬ ವರ್ಗದಲ್ಲಿ ಕಣಕ್ಕಿಳಿಸಿತು. ಈ ವರ್ಗದ ಹುಡುಗರು ಹರಾಜಿಗೆ ಹೋಗುವುದಿಲ್ಲ. ತಂಡಗಳು ಪ್ರತಿಭೆಯನ್ನು ನೋಡಿ ನೇರವಾಗಿ ಒಪ್ಪಂದ ಮಾಡಿಕೊಳ್ಳುತ್ತವೆ. ಆ ಆವೃತ್ತಿ ಮುಗಿದಾಗ ಹೊಸ ಯುವ ಆಟಗಾರರಲ್ಲಿ ಅತ್ಯುತ್ತಮ ಎಂಬ ಪ್ರಶಸ್ತಿ ಅವರದಾಯಿತು.

ಎರಡು ಆವೃತ್ತಿಗಳನ್ನು ಡೆಲ್ಲಿಯಲ್ಲಿ ಕಳೆದ ಮೇಲೆ ದಹಿಯಾ ಹೆಸರು ಹರಾಜಿಗೆ ಬಂತು. 2025ರ ಮೇ 31 ಮತ್ತು ಜೂನ್ 1ರಂದು ಮುಂಬಯಿಯಲ್ಲಿ ನಡೆದ ಹರಾಜಿನಲ್ಲಿ ಬೆಂಗಳೂರು ಬುಲ್ಸ್ ಅವರಿಗೆ ಕೂಗಿದ ಬೆಲೆ 1 ಕೋಟಿ 12 ಲಕ್ಷ 50 ಸಾವಿರ ರೂಪಾಯಿ! ಅದೇ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ಪಡೆದವರೂ ಮೂಲೆ ಕಾಯುವವರೇ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಅವರನ್ನು ಗುಜರಾತ್ ಜೈಂಟ್ಸ್ 2 ಕೋಟಿ 23 ಲಕ್ಷಕ್ಕೆ ಕೊಂಡಿತು.

2014ರಲ್ಲಿ ಲೀಗ್ ಆರಂಭವಾದಾಗ ಇಡೀ ಹರಾಜಿನ ಅತಿ ದೊಡ್ಡ ಮೊತ್ತ 12 ಲಕ್ಷ 80 ಸಾವಿರ, ಅದು ರಾಕೇಶ್ ಕುಮಾರ್ ಅವರಿಗೆ ಪಟ್ನಾ ಪೈರೇಟ್ಸ್ ಕೊಟ್ಟದ್ದು. ಕೋಟಿಯ ಗಡಿ ದಾಟಿದ್ದು 2018ರಲ್ಲಿ. ಹಿಡಿಯುವವರಿಗಿಂತ ದಾಳಿಗಾರರಿಗೇ ಹೆಚ್ಚು ಬೆಲೆ ಎಂಬ ಮಾತು ಹಳೆಯದಾಯಿತು. 

ದಹಿಯಾ ಅವರ ದಾರಿಯಲ್ಲಿ ಪಾಲಕರು ಗಮನಿಸಬೇಕಾದ್ದು ಕೋಟಿಯ ಅಂಕಿಯನ್ನಲ್ಲ. ಮೊದಲ ಒಪ್ಪಂದದ ಕಾಲದಲ್ಲಿ ಅವರು ಕಲಿತರು, ಆಡಲು ಅವಕಾಶ ಸಿಕ್ಕಿತು, ಬೆಲೆ ಬಂದದ್ದು ಆಮೇಲೆ. ಹೊಸಬನಿಗೆ ಮೊದಲ ಒಪ್ಪಂದದಲ್ಲಿ ಮುಖ್ಯವಾದದ್ದು ಹಣಕ್ಕಿಂತ ಹೆಚ್ಚಾಗಿ ಅಂಕಣದ ಮೇಲೆ ಕಳೆಯುವ ನಿಮಿಷಗಳು ಮತ್ತು ಕಲಿಸುವ ಗುರು.

ಗುರುಗಳ ವಿಷಯದಲ್ಲಿ ಕರ್ನಾಟಕ ಬಡವಲ್ಲ. ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ ನಮ್ಮವರು. ಅವರ ತರಬೇತಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಪ್ರಶಸ್ತಿ ಗೆದ್ದವು. ದಹಿಯಾ ಬೆಂಗಳೂರಿಗೆ ಬಂದ 2025ರ ಆವೃತ್ತಿಯಲ್ಲಿ ಬುಲ್ಸ್ ತಂಡದ ತರಬೇತುದಾರರೂ ಅವರೇ ಆಗಿದ್ದರು.

ಅಮೆರಿಕದ ಮೂಲೆಯವನು

ಸಾಗರದಾಚೆ ಅಮೆರಿಕದಲ್ಲೂ ನಮ್ಮ ಕಾರ್ನರ್‌ಗೊಬ್ಬ ದಾಯಾದಿಯಿದ್ದಾನೆ. ಅಲ್ಲಿನವರು ಫುಟ್‌ಬಾಲ್ ಎಂದು ಕರೆಯುವ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟದಲ್ಲಿ ಮೈದಾನದ ಅಂಚನ್ನು ಕಾಯುವವನಿಗೆ ಕಾರ್ನರ್‌ಬ್ಯಾಕ್ ಎನ್ನುತ್ತಾರೆ. ಎದುರಾಳಿ ಎತ್ತ ತಿರುಗುತ್ತಾನೆಂದು ಊಹಿಸುತ್ತ, ಹಿಮ್ಮುಖವಾಗಿಯೇ ಓಡುತ್ತ ಅವನನ್ನು ತಡೆಯುವುದು ಅವನ ಕೆಲಸ.

ಅಲ್ಲಿನ ರಾಷ್ಟ್ರೀಯ ಲೀಗ್‌ನಲ್ಲಿ ಒಂದು ನಿಯಮವಿದೆ. ಹೈಸ್ಕೂಲು ಮುಗಿದು ಮೂರು ವರ್ಷ ಕಳೆಯುವವರೆಗೆ ಯಾವ ಹುಡುಗನೂ ಆಯ್ಕೆಗೆ ಅರ್ಹನಲ್ಲ. ಆ ಮೂರು ವರ್ಷ ಬಹುಪಾಲು ಹುಡುಗರು ಕಾಲೇಜಿನಲ್ಲಿ ಓದುತ್ತ ಕಾಲೇಜು ತಂಡಕ್ಕೆ ಆಡುತ್ತಾರೆ. ಆಯ್ಕೆಯಾದವನಿಗೆ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನಲ್ಲೇ ಆಯ್ಕೆಯಾದವನನ್ನು ಬೇಕೆಂದರೆ ತಂಡ ಐದನೇ ವರ್ಷಕ್ಕೂ ಉಳಿಸಿಕೊಳ್ಳಬಹುದು.

ನಮ್ಮ ಕಬಡ್ಡಿಯಲ್ಲಿ ಒಪ್ಪಂದದ ಅವಧಿ ಇಷ್ಟು ಉದ್ದವಲ್ಲ. ಇಲ್ಲಿ ಲೆಕ್ಕ ಆವೃತ್ತಿಗಳದ್ದು. 2025ರ ಹರಾಜಿನ ನಿಯಮದಲ್ಲಿ ಹಳೆಯ ತಂಡವು ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ತನ್ನ ಆಟಗಾರನನ್ನು ಒಂದು ಅಥವಾ ಎರಡು ಆವೃತ್ತಿಗೆ ಉಳಿಸಿಕೊಳ್ಳುವ ಅವಕಾಶವಿತ್ತು. ಎರಡು ವರ್ಷದ ಆಚೆಗಿನ ಭರವಸೆ ಯಾರಿಗೂ ಇಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಲೆಕ್ಕಕ್ಕೆ ಹೋಗಬೇಕು.

ಮುನ್ನೂರು ಕುರ್ಚಿಗಳು

ಲೀಗ್‌ನಲ್ಲಿ 12 ತಂಡಗಳು. ಒಂದು ತಂಡದಲ್ಲಿ ಹೆಚ್ಚೆಂದರೆ 25 ಆಟಗಾರರು. ಗುಣಿಸಿದರೆ ಬರುವುದು 300. ಇಡೀ ದೇಶದ ಹುಡುಗರಿಗೆ, ಜೊತೆಗೆ ಇರಾನ್ ಮೊದಲಾದ ದೇಶಗಳಿಂದ ಬರುವವರಿಗೆ ಇರುವುದು ಇಷ್ಟೇ ಕುರ್ಚಿಗಳು. ಅದರಲ್ಲೂ ಒಂದು ಹೊತ್ತಿಗೆ ಅಂಕಣದಲ್ಲಿ ನಿಲ್ಲುವುದು ಏಳೇ ಜನ, ಆ ಏಳರಲ್ಲಿ ಕಾರ್ನರ್ ಸ್ಥಾನ ಎರಡೇ ಎರಡು.

2025ರ ಹರಾಜಿನಲ್ಲಿ ಪ್ರತಿ ತಂಡದ ಕೈಯಲ್ಲಿದ್ದ ಗಂಟು 5 ಕೋಟಿ ರೂಪಾಯಿ. ಒಬ್ಬನಿಗೆ ಎರಡು ಕೋಟಿ ಸುರಿದರೆ ಉಳಿದವರಿಗೆ ಹಂಚಲು ಮೂರೇ ಕೋಟಿ. ಆಟಗಾರರನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿ ಮೂಲಬೆಲೆಯನ್ನು ಕ್ರಮವಾಗಿ 30 ಲಕ್ಷ, 20 ಲಕ್ಷ, 13 ಲಕ್ಷ ಮತ್ತು 9 ಲಕ್ಷ ಎಂದು ಇಡಲಾಗಿತ್ತು. ಪತ್ರಿಕೆಯ ತಲೆಬರಹಕ್ಕೆ ಬರುವವನು ಕೋಟಿಯವನು. ಆದರೆ ತಂಡದ ಬಹುಮಂದಿ ಕೆಳಗಿನ ಮೆಟ್ಟಿಲಿನವರು. ಒಂಬತ್ತು ಲಕ್ಷವೂ ಸಣ್ಣ ಮೊತ್ತವಲ್ಲ, ಒಪ್ಪೋಣ. ಆದರೆ ಅದು ಆ ಆವೃತ್ತಿಯ ಸಂಬಳ. ಮುಂದಿನ ವರ್ಷ ಯಾರೂ ಕೂಗದಿದ್ದರೆ ಸೊನ್ನೆ.

ಅಂಕಣದಲ್ಲಿ ಬೀಳುವ ಪೆಟ್ಟಿನ ಲೆಕ್ಕ ಬೇರೆ. 2022ರಲ್ಲಿ ತಮಿಳ್ ತಲೈವಾಸ್ ತಂಡ ಪವನ್ ಶೆರಾವತ್ ಅವರನ್ನು 2 ಕೋಟಿ 26 ಲಕ್ಷಕ್ಕೂ ಹೆಚ್ಚು ಕೊಟ್ಟು ಕೊಂಡಿತು. ಬೆಂಗಳೂರು ಬುಲ್ಸ್ ತಂಡಕ್ಕೆ ಆಡಿ ಮನೆಮಾತಾಗಿದ್ದ ಈ ಆಟಗಾರ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಆವೃತ್ತಿ ಹೊರಗುಳಿಯಬೇಕಾಯಿತು. ಅವರು ಛಲಬಿಡದೆ ಮರಳಿ ಬಂದರು. 2023ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ಗೆದ್ದುಕೊಟ್ಟ ತಂಡದ ನಾಯಕರಾದರು. ಆ ಮಟ್ಟದ ಆಟಗಾರರಿಗೆ ಒಳ್ಳೆಯ ವೈದ್ಯರು, ಕಾದು ಕುಳಿತ ತಂಡಗಳು ಇರುತ್ತವೆ. ಡಿ ವರ್ಗದ ಹೊಸ ಹುಡುಗನ ಮೊಣಕಾಲು ತಿರುಚಿದರೆ? ಮಂಡಿಯೊಳಗಿನ ಕಟ್ಟುನಾರು ಹರಿದರೆ ಶಸ್ತ್ರಚಿಕಿತ್ಸೆ, ಆಮೇಲೆ ಹಲವು ತಿಂಗಳ ವ್ಯಾಯಾಮ. ನೆಲಕ್ಕೆ ಬಿದ್ದು ಕಾಲು ಹಿಡಿಯುವ ಕಾರ್ನರ್‌ಗೆ ಭುಜ, ಬೆರಳು, ಮಂಡಿ ಮೂರಕ್ಕೂ ಅಪಾಯ.

ಕಾಗದಕ್ಕೆ ಸಹಿ ಹಾಕುವ ಮುನ್ನ

ನಮ್ಮ ಕಡೆ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರೆ, ಹೊಲ ಕೊಳ್ಳುವಾಗ ಪಹಣಿ ನೋಡುತ್ತಾರೆ. ಮಗನ ಒಪ್ಪಂದದ ಕಾಗದವನ್ನು ಮಾತ್ರ ಓದದೆ ಸಹಿ ಹಾಕುವುದೆಂದರೇನು?

ಮೊದಲನೆಯದು ವಯಸ್ಸು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವನು ಕರಾರು ಮಾಡಿಕೊಳ್ಳಲು ಅರ್ಹನಲ್ಲ. ಅಪ್ರಾಪ್ತ ವಯಸ್ಕನ ಕರಾರು ಹುಟ್ಟಿನಿಂದಲೇ ಅಸಿಂಧು ಎಂದು 1903ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಹತ್ತನೇ ತರಗತಿಯ ಹುಡುಗನಿಂದ ಯಾವನಾದರೂ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡು “ಇನ್ನು ಐದು ವರ್ಷ ನೀನು ನಮ್ಮವನು” ಎಂದರೆ ಹೆದರಬೇಕಾಗಿಲ್ಲ.

ಎರಡನೆಯದು, ಹಣ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಎಂಬುದು. ಆಟಗಾರನಿಗೆ ತಂಡ ಹಣ ಕೊಡುತ್ತದೆ. “ಇಷ್ಟು ಕೊಡಿ, ತಂಡಕ್ಕೆ ಸೇರಿಸುತ್ತೇನೆ” ಎನ್ನುವವನು ಬಂದರೆ ಅದು ಒಪ್ಪಂದವಲ್ಲ, ಮೋಸ. ಹೊಲ ಅಡವಿಟ್ಟು ಆಯ್ಕೆ ಕೊಳ್ಳಲಾಗದು.

ಮೂರನೆಯದು, ಕಾಗದದಲ್ಲಿರುವ ವಿವರ. ಒಪ್ಪಂದ ಎಷ್ಟು ಆವೃತ್ತಿಗೆ? ಹಣ ಎಷ್ಟು ಕಂತಿನಲ್ಲಿ, ಯಾವ ದಿನಾಂಕದೊಳಗೆ? ಆದಾಯ ತೆರಿಗೆ ಕಡಿತವಾಗಿ ಕೈಗೆ ಬರುವುದೆಷ್ಟು? ಆಡುವಾಗ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಯಾರದ್ದು, ಆ ಕಾಲದ ಸಂಬಳ ಸಿಗುತ್ತದೆಯೇ? ಪರೀಕ್ಷೆಗೆ ಕೂರಲು ಬಿಡುತ್ತಾರೆಯೇ? ಕಾಲೇಜಿನ, ಜಿಲ್ಲೆಯ, ರಾಜ್ಯದ ತಂಡಕ್ಕೆ ಆಡಬಹುದೇ? ಒಪ್ಪಂದ ಮುಗಿದ ಮೇಲೆ ಬೇರೆ ತಂಡ ಸೇರಲು ತಡೆಯೇನಾದರೂ ಇದೆಯೇ? ದುಡಿಮೆಗೆ ಅಡ್ಡಗಟ್ಟುವ ಕರಾರನ್ನು ಅದೇ ಕಾಯ್ದೆಯ 27ನೇ ಕಲಂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಾಗದ ಇಂಗ್ಲಿಷಿನಲ್ಲಿದ್ದರೆ ತಾಲ್ಲೂಕಿನ ವಕೀಲರೊಬ್ಬರಿಗೆ ಓದಿಸಿ, ಒಂದು ಪ್ರತಿ ಮನೆಯಲ್ಲಿಡಿ. ಅದಕ್ಕೆ ಒಂದು ದಿನ ಹೋದರೆ ನಷ್ಟವಿಲ್ಲ. “ಈಗಲೇ ಸಹಿ ಹಾಕದಿದ್ದರೆ ಅವಕಾಶ ಹೋಯಿತು” ಎನ್ನುವವನ ಅವಸರದಲ್ಲೇ ಏನೋ ಇದೆ ಎಂದು ತಿಳಿಯಬೇಕು.

ಮಣ್ಣು, ಮ್ಯಾಟು ಮತ್ತು ರೊಟ್ಟಿ

ಒಪ್ಪಂದದ ಮಾತು ಬರುವುದಕ್ಕೆ ಮೊದಲು ದೇಹ ತಯಾರಾಗಬೇಕಲ್ಲ. ನಮ್ಮ ಹುಡುಗರು ಕಲಿಯುವುದು ಮಣ್ಣಿನ ಮೇಲೆ. ದೊಡ್ಡ ಪಂದ್ಯಗಳು ನಡೆಯುವುದು ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಪಾದ ತುಸು ಜಾರುತ್ತದೆ. ಮ್ಯಾಟಿನ ಮೇಲೆ ಶೂ ತೊಟ್ಟ ಪಾದ ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ, ಅಂದರೆ ಘರ್ಷಣೆ ಹೆಚ್ಚು. ಅದರಿಂದ ದಾಳಿಗಾರ ಬೇಗ ತಿರುಗಬಲ್ಲ, ಹಾಗೆಯೇ ಪಾದ ನಿಂತು ಮಂಡಿ ತಿರುಗಿದರೆ ಪೆಟ್ಟೂ ಆಗಬಲ್ಲದು. ಮಣ್ಣಿನಿಂದ ಮ್ಯಾಟಿಗೆ ಹೋದ ಹುಡುಗ ಮೊದಲ ಕೆಲವು ವಾರ ತಡವರಿಸುವುದು ಸಹಜ. ಆಗ ‘ಇವನಿಂದಾಗದು’ ಎಂದು ತೀರ್ಮಾನಿಸಬಾರದು.

ಗಂಡುಮಕ್ಕಳ ಕಾಲಿನ ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಪಟ್ಟಿಗಳು ಮುಚ್ಚಿಕೊಳ್ಳುವುದು ಸಾಮಾನ್ಯವಾಗಿ 16ರಿಂದ 18-19 ವರ್ಷದೊಳಗೆ. ಅದಕ್ಕೆ ಮೊದಲು ಮಿತಿಮೀರಿದ ಭಾರ ಎತ್ತಿಸುವುದು, ನೋವಿದ್ದರೂ ಆಡಿಸುವುದು ತಪ್ಪು. ತೂಕದ ಮಿತಿಗೆ ಹೊಂದಿಸಲು ಊಟ, ನೀರು ಬಿಡಿಸುವುದಂತೂ ಇನ್ನೂ ದೊಡ್ಡ ತಪ್ಪು.

ಕಠಿಣ ಅಭ್ಯಾಸ ಮಾಡುವವನಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕು. ಇದಕ್ಕೆ ಡಬ್ಬಿಯ ಪುಡಿಯೇ ಆಗಬೇಕೆಂದಿಲ್ಲ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಅಷ್ಟೇ ಹೆಸರುಕಾಳಿನಲ್ಲಿ 24 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಜೋಳದ ರೊಟ್ಟಿ, ಮೊಳಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಇರುವ ನಮ್ಮ ಮನೆಯ ಊಟದಲ್ಲಿ ಒಳ್ಳೆಯ ಅಡಿಪಾಯವೇ ಇದೆ. ಪ್ರಮಾಣ ಹೆಚ್ಚಿಸಿದರೆ ಸಾಕು. ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಚುಚ್ಚುಮದ್ದು ಬೇಡವೇ ಬೇಡ. ಉದ್ದೀಪನ ಮದ್ದಿನ ನಿಯಮದಲ್ಲಿ “ನನಗೆ ಗೊತ್ತಿರಲಿಲ್ಲ” ಎಂದ ಮಾತ್ರಕ್ಕೆ ಬಿಡುಗಡೆಯಿಲ್ಲ. ನಿಷೇಧ ನಾಲ್ಕು ವರ್ಷದವರೆಗೂ ಆಗಬಹುದು. ಇಪ್ಪತ್ತರ ಹುಡುಗನಿಗೆ ನಾಲ್ಕು ವರ್ಷವೆಂದರೆ ಆಟವೇ ಮುಗಿದಂತೆ.

ಅಂಕಪಟ್ಟಿಯ ಬೆಲೆ

2025ರ ಆವೃತ್ತಿ ಆಗಸ್ಟ್ 29ರಂದು ಆರಂಭವಾಗಿ ಅಕ್ಟೋಬರ್ 31ರಂದು ಮುಗಿಯಿತು. ಎರಡು ತಿಂಗಳ ಮೇಲೆ ಎರಡು ದಿನ. ವರ್ಷದ ಉಳಿದ ಹತ್ತು ತಿಂಗಳು? ನಮ್ಮ ದೇಶದ ಕಬಡ್ಡಿ ಆಟಗಾರರನ್ನು ಬಹಳ ಕಾಲದಿಂದ ಸಾಕಿದ್ದು ರೈಲ್ವೆ, ಸೇನೆ, ಪೊಲೀಸ್ ಮತ್ತಿತರ ಇಲಾಖೆಗಳ ನೌಕರಿ. ಕಾರ್ಕಳದ ಕಡೆಯ ಮಮತಾ ಪೂಜಾರಿ 2012ರ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ, 2014ರ ಅರ್ಜುನ ಪ್ರಶಸ್ತಿ ಪಡೆದವರು. ಅವರ ಆಟಕ್ಕೆ ಬೆನ್ನೆಲುಬಾಗಿ ನಿಂತದ್ದು ದಕ್ಷಿಣ ಮಧ್ಯ ರೈಲ್ವೆಯ ನೌಕರಿ. ಹೆಣ್ಣುಮಕ್ಕಳಿಗೆ ಕೋಟಿಯ ಹರಾಜುಗಳಿಲ್ಲದ ಕಾಲದಲ್ಲಿ ಬೆಳೆದ ಅವರ ದಾರಿ ಗಂಡುಮಕ್ಕಳಿಗೂ ಪಾಠ.

ಓದಿನ ಬೆಲೆ ತಿಳಿಯುವುದು ಇಲ್ಲೇ. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಒಂದನೇ ಹಂತದ ಹುದ್ದೆಗೆ ಹತ್ತನೇ ತರಗತಿ ಅಥವಾ ಐಟಿಐ ಸಾಕು. ಎರಡು-ಮೂರನೇ ಹಂತಕ್ಕೆ ಪಿಯುಸಿ ಆಗಿರಬೇಕು. ನಾಲ್ಕು-ಐದನೇ ಹಂತಕ್ಕೆ ಪದವಿ ಬೇಕು. ಆಯಾ ಹಂತಕ್ಕೆ ಇಂತಿಷ್ಟು ಮಟ್ಟದ ಕ್ರೀಡಾ ಸಾಧನೆ ಇರಬೇಕೆಂಬ ನಿಯಮವೂ ಇದೆ. ಆದರೆ ಒಂದೇ ತಂಡದಲ್ಲಿ ಆಡಿ ಒಂದೇ ಪದಕ ಗೆದ್ದ ಇಬ್ಬರಲ್ಲಿ ಹತ್ತಕ್ಕೆ ನಿಂತವನು ಕೆಳಗಿನ ಮೆಟ್ಟಿಲಲ್ಲೇ ಉಳಿಯಬೇಕಾಗುತ್ತದೆ, ಪದವಿ ಮುಗಿಸಿದವನಿಗೆ ಮೇಲಿನ ಬಾಗಿಲೂ ತೆರೆದಿರುತ್ತದೆ. ಆಟ ನಿಲ್ಲುವುದು ಮೂವತ್ತು-ಮೂವತ್ತೈದಕ್ಕೆ, ನೌಕರಿ ಅರವತ್ತರವರೆಗೆ. ಆ ಇಪ್ಪತ್ತೈದು-ಮೂವತ್ತು ವರ್ಷದ ಸಂಬಳವನ್ನು ಕೂಡಿಸಿ ನೋಡಿದರೆ ಒಂದು ಅಂಕಪಟ್ಟಿಯ ಬೆಲೆ ಹರಾಜಿನ ಕೂಗಿಗೆ ಕಡಿಮೆಯೇನಲ್ಲ.

ಓದು-ಆಟ ಎರಡನ್ನೂ ಜೊತೆಗೆ ನಡೆಸಲು ದಾರಿಗಳೂ ಇವೆ. ರಾಜ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆ ಪರೀಕ್ಷೆಗಳು ನಡೆಯುತ್ತವೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಪ್ರತಿಭಾವಂತ ಕ್ರೀಡಾಪಟುಗಳನ್ನು ದತ್ತು ಪಡೆದು ಓದಿಸುತ್ತದೆ. ಕೇಂದ್ರದ ಖೇಲೊ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದವರಿಗೆ ತರಬೇತಿಯ ಜೊತೆಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿನ ನೆರವೂ ಇದೆ. ಕಬಡ್ಡಿ ಈ ಯೋಜನೆಯಲ್ಲಿ ಸೇರಿದ ಆಟ.

ಹಿರೇಹಡಗಲಿಯ ಹುಡುಗನಿಗೆ ಏಣಿಯ ಮೊದಲ ಮೆಟ್ಟಿಲು ಊರಲ್ಲೇ ಇದೆ. ಶಾಲಾ ಕ್ರೀಡಾಕೂಟದಲ್ಲಿ ವಲಯ ಮಟ್ಟ, ಆಮೇಲೆ ಹೂವಿನಹಡಗಲಿಯಲ್ಲಿ ತಾಲ್ಲೂಕು ಮಟ್ಟ, ನಂತರ ವಿಜಯನಗರ ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ. ಪ್ರತಿ ಹಂತದ ಪ್ರಮಾಣಪತ್ರವನ್ನು ಒಂದು ಕಡತದಲ್ಲಿ ಜೋಡಿಸಿಡಬೇಕು. ಜನ್ಮದಿನಾಂಕ ಆಧಾರ್‌ನಲ್ಲಿ, ಶಾಲಾ ದಾಖಲೆಯಲ್ಲಿ, ಜನನ ಪತ್ರದಲ್ಲಿ ಒಂದೇ ಇರಬೇಕು. ಕಿರಿಯರ ತಂಡದಲ್ಲಿ ಇನ್ನೊಂದು ವರ್ಷ ಆಡಲೆಂದು ವಯಸ್ಸು ತಿದ್ದಿಸಿದರೆ ಮುಂದೆ ನೌಕರಿಯ ಬಾಗಿಲಲ್ಲಿ ಸಿಕ್ಕಿಬೀಳುವವನು ಹುಡುಗನೇ.

ಹಾಗಾದರೆ ಪಾಲಕರ ಪ್ರಶ್ನೆಗೆ ಉತ್ತರವೇನು? ಆಡಲು ಬಿಡಿ, ಶಾಲೆ ಬಿಡಿಸಬೇಡಿ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದೂವರೆ ತಾಸು ಅಭ್ಯಾಸ ಮಾಡಿದವನಿಗೆ ರಾತ್ರಿ ಪುಸ್ತಕ ಹಿಡಿಯಲು ಇನ್ನೂ ಸಮಯ ಉಳಿಯುತ್ತದೆ. ತರಗತಿಯಲ್ಲಿ ಮೊದಲಿಗನಾಗದಿದ್ದರೂ ಸರಿ, ಪಾಸಾಗುತ್ತ ಪದವಿ ತನಕ ಹೋಗಲಿ. ಆಟದಿಂದ ತಪ್ಪಿದ ಪಾಠವನ್ನು ಬಿಡುವಿನಲ್ಲಿ ಹೇಳಿಕೊಡುವ ಹೊಣೆ ಶಿಕ್ಷಕರದೂ ಹೌದು.

ಪಿ.ಟಿ. ಮೇಷ್ಟ್ರು ಕಾರ್ನರ್ ಹುಡುಗನಿಗೆ ಮೊದಲ ದಿನ ಹೇಳಿಕೊಡುವ ಪಾಠ ಒಂದಿದೆ. ಎದುರಾಳಿಯ ಕಾಲಿಗೆ ಕೈ ಹಾಕುವ ಮುನ್ನ ನಿನ್ನ ಹಿಂದಿನ ಕಾಲು ಗೆರೆಯೊಳಗೆ ಇದೆಯೇ ನೋಡಿಕೋ. ಹಿಡಿತ ತಪ್ಪಿದರೆ ಒಂದು ಅಂಕ ಹೋಗಬಹುದು, ಆಮೇಲೆ ಮತ್ತೆ ಅಂಕಣಕ್ಕೆ ಮರಳಬಹುದು. ಗೆರೆಯಾಚೆ ಕಾಲಿಟ್ಟವನು ಹಿಡಿಯುವ ಮೊದಲೇ ಹೊರಗೆ. ಪಾಲಕರಿಗೂ ಇಷ್ಟನ್ನೇ ಹೇಳಬೇಕಾಗಿದೆ. ಮುಂದಿನ ಕೈ ಒಪ್ಪಂದದ ಕಡೆಗೆ ಚಾಚಲಿ, ಹಿಂದಿನ ಕಾಲು ಶಾಲೆಯ ಗೆರೆಯೊಳಗೇ ಇರಲಿ.